ಒಕ್ಕಲೆಬ್ಬಿಸಿದ ನೆಲದ ಮೇಲೆ ಎದ್ದ ವಿಶ್ವವಿದ್ಯಾಲಯಗಳು

ಸ್ನೇಹಿತರೇ,

ಅಮೆರಿಕದ ವಿಶ್ವವಿದ್ಯಾಲಯಗಳ ಹೆಸರುಗಳು ಇಂದು ನಮ್ಮ ಮನೆಗಳಲ್ಲಿ ಸಹಜವಾಗಿ ಕೇಳಿಬರುತ್ತವೆ. ಈ ಸಭೆಯಲ್ಲಿರುವ ಹಲವರ ಮಕ್ಕಳು ಅಲ್ಲಿ ಓದುತ್ತಿರಬಹುದು, ಕೆಲವರು ತಾವೇ ಅಲ್ಲಿ ಓದಿ ಬಂದಿರಬಹುದು. ಆ ಸಂಸ್ಥೆಗಳ ಗ್ರಂಥಾಲಯ, ಪ್ರಯೋಗಾಲಯ, ನೊಬೆಲ್ ಪ್ರಶಸ್ತಿಗಳ ಬಗ್ಗೆ ನಾವು ಸಾಕಷ್ಟು ಮಾತನಾಡುತ್ತೇವೆ. ನಾನು ಇವತ್ತು ಆರಿಸಿಕೊಂಡಿರುವ ವಿಷಯ ಅವುಗಳ ಕೆಳಗಿರುವ ನೆಲ. 1950 ಮತ್ತು 1960ರ ದಶಕಗಳಲ್ಲಿ, ನಗರ ನವೀಕರಣ ಎಂಬ ಸರ್ಕಾರಿ ಯೋಜನೆಯ ಆಸರೆಯಲ್ಲಿ, ಹಲವಾರು ವಿಶ್ವವಿದ್ಯಾಲಯಗಳು ತಮ್ಮ ಸುತ್ತಲಿನ ಬಡಾವಣೆಗಳನ್ನು ತೆರವು ಮಾಡಿಸಿ ಬೆಳೆದವು. ಈಗ, ಎರಡು ತಲೆಮಾರುಗಳ ನಂತರ, ಹಾಗೆ ಎಬ್ಬಿಸಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು ಬಂದು ಆದ ಹಾನಿಯನ್ನು ಸರಿಪಡಿಸಿ ಎಂದು ಕೇಳುತ್ತಿದ್ದಾರೆ. ಈ ತೆರವು ಗಲಭೆಯಲ್ಲಿಯೋ ಆವೇಶದಲ್ಲಿಯೋ ನಡೆದದ್ದಲ್ಲ. ನಕ್ಷೆ, ಮೌಲ್ಯಮಾಪನ, ಠರಾವು, ಒಪ್ಪಂದಗಳ ಮೂಲಕ ಕಾಗದದ ಮೇಲೆ ಲೆಕ್ಕವಿಟ್ಟು ನಡೆದದ್ದು. ಆದುದರಿಂದ ಅದರ ಪರಿಹಾರವೂ ಲೆಕ್ಕವಿಟ್ಟೇ ನಡೆಯಬೇಕು, ಮತ್ತು ಆ ಹಳೆಯ ಲೆಕ್ಕದ ಪುಸ್ತಕವನ್ನು ಇಟ್ಟುಕೊಂಡಿರುವ ಸಂಸ್ಥೆಯೇ ಅದನ್ನು ಮೊದಲು ಬಿಚ್ಚಬೇಕು ಎಂಬುದು ನನ್ನ ವಾದ.

ಮೊದಲು ಕಾನೂನಿನ ಚೌಕಟ್ಟು. 1949ರ ವಸತಿ ಕಾಯ್ದೆಯ ಪ್ರಕಾರ, ನಗರವೊಂದು ತನ್ನ ಯಾವುದೇ ಭಾಗವನ್ನು ಹಾಳುಬಿದ್ದ ಪ್ರದೇಶವೆಂದು ಘೋಷಿಸಿ, ಅಲ್ಲಿನ ಮನೆಗಳನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಂಡು, ಕೆಡವಿ, ತೆರವಾದ ನೆಲವನ್ನು ಹೊಸ ಬಳಕೆದಾರನಿಗೆ ಅಗ್ಗದ ಬೆಲೆಗೆ ಮಾರಬಹುದಾಗಿತ್ತು. ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ನಷ್ಟದಲ್ಲಿ ಮೂರರಲ್ಲಿ ಎರಡು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತಿತ್ತು, ಉಳಿದ ಒಂದು ಪಾಲು ನಗರದ್ದು. ಖಾಸಗಿ ಆಸ್ತಿಯನ್ನು ಹೀಗೆ ಕಿತ್ತುಕೊಂಡು ಇನ್ನೊಬ್ಬ ಖಾಸಗಿ ಒಡೆಯನಿಗೆ ಕೊಡುವುದು ಸಂವಿಧಾನಕ್ಕೆ ಒಪ್ಪುವಂಥದ್ದೇ ಎಂಬ ಪ್ರಶ್ನೆ ಎದ್ದಾಗ, 1954ರಲ್ಲಿ ಸುಪ್ರೀಂ ಕೋರ್ಟು ಬರ್ಮನ್ ವಿರುದ್ಧ ಪಾರ್ಕರ್ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ಆ ಪ್ರಕರಣದಲ್ಲಿ ನ್ಯಾಯಾಲಯದ ಕಟ್ಟೆ ಹತ್ತಿದ ಅಂಗಡಿ ಹಾಳುಬಿದ್ದದ್ದೇನೂ ಆಗಿರಲಿಲ್ಲ. ಇಡೀ ಪ್ರದೇಶಕ್ಕೆ ಹಣೆಪಟ್ಟಿ ಹಚ್ಚಿದ ಮೇಲೆ ಒಂದೊಂದು ಕಟ್ಟಡದ ಸ್ಥಿತಿ ನೋಡಬೇಕಾಗಿಲ್ಲ ಎಂದು ನ್ಯಾಯಾಲಯ ಹೇಳಿತು. ಮುಂದಿನ ಒಂದೂವರೆ ದಶಕದಲ್ಲಿ ದೇಶದಾದ್ಯಂತ ಮೂರು ಲಕ್ಷದಷ್ಟು ಕುಟುಂಬಗಳು ಹೀಗೆ ಸ್ಥಳಾಂತರಗೊಂಡವು, ಮತ್ತು ಅವುಗಳಲ್ಲಿ ಕಪ್ಪು ಜನರ ಪಾಲು ಜನಸಂಖ್ಯೆಯಲ್ಲಿ ಅವರಿಗಿದ್ದ ಪಾಲಿಗಿಂತ ಬಹಳ ಹೆಚ್ಚಾಗಿತ್ತು. 1963ರ ಒಂದು ದೂರದರ್ಶನ ಸಂದರ್ಶನದಲ್ಲಿ ಲೇಖಕ ಜೇಮ್ಸ್ ಬಾಲ್ಡ್ವಿನ್ ನಗರ ನವೀಕರಣವೆಂದರೆ ನೀಗ್ರೋ ಜನರ ತೆರವು ಎಂದೇ ಹೇಳಿದ್ದರು.

ಇಲ್ಲಿ ಬೆಲೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಪರಿಹಾರದ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಇದರ ಮೇಲೆ. 1930ರ ದಶಕದಿಂದಲೇ ಕಪ್ಪು ಜನರು ವಾಸಿಸುವ ಬಡಾವಣೆಗಳಿಗೆ ಸರ್ಕಾರಿ ಖಾತರಿಯ ಗೃಹಸಾಲ ಸಿಗುತ್ತಿರಲಿಲ್ಲ. ಸಾಲ ಸಿಗದ ಕಡೆ ಮನೆಯ ರಿಪೇರಿ ನಿಲ್ಲುತ್ತದೆ, ಕೊಳ್ಳುವವರು ಕಡಿಮೆಯಾಗುತ್ತಾರೆ, ಬೆಲೆ ಇಳಿಯುತ್ತದೆ. ನಗರಾಡಳಿತ ಅಂಥ ಓಣಿಗಳಿಗೆ ರಸ್ತೆ, ಚರಂಡಿ, ದೀಪಗಳನ್ನು ಕೊಡುವುದರಲ್ಲಿಯೂ ಹಿಂದೆ ಬೀಳುತ್ತಿತ್ತು. ಆಮೇಲೆ ಅದೇ ನಗರಾಡಳಿತ ಬಂದು ಈ ಪ್ರದೇಶ ಹಾಳುಬಿದ್ದಿದೆ ಎಂದು ಬರೆದುಕೊಂಡು, ಇಳಿದ ಬೆಲೆಯನ್ನೇ ನ್ಯಾಯಬೆಲೆಯೆಂದು ಕೊಟ್ಟು ಮನೆ ತೆಗೆದುಕೊಳ್ಳುತ್ತಿತ್ತು. ಆ ಹಣ ಹಿಡಿದುಕೊಂಡು ಹೊರಟ ಕುಟುಂಬಕ್ಕೆ ಬೇರೆ ಬಡಾವಣೆಯಲ್ಲಿ ಮನೆ ಮಾರುವವರಿಲ್ಲ, ಬ್ಯಾಂಕಿನಲ್ಲಿ ಸಾಲ ಕೊಡುವವರಿಲ್ಲ. ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸುವ ಕೇಂದ್ರ ಕಾಯ್ದೆ ಬಂದದ್ದು 1968ರಲ್ಲಿ. ಬಾಡಿಗೆದಾರರ ಪಾಡು ಇನ್ನೂ ಕಷ್ಟದ್ದು. ಅವರಿಗೆ ಆಸ್ತಿಯೇ ಇಲ್ಲವಾದ್ದರಿಂದ ಕಾನೂನಿನ ಕಣ್ಣಿಗೆ ಅವರು ಕಳೆದುಕೊಂಡದ್ದೂ ಏನೂ ಇರಲಿಲ್ಲ. ಸ್ಥಳಾಂತರಗೊಂಡವರಿಗೆ ದೇಶಾದ್ಯಂತ ಏಕರೂಪದ ನೆರವು ಕೊಡುವ ಕಾಯ್ದೆ ಬಂದದ್ದು 1971ರ ಆರಂಭದಲ್ಲಿ. ಅಷ್ಟರಲ್ಲಿ ಕೆಡವುವ ಕೆಲಸ ಬಹುಪಾಲು ಮುಗಿದಿತ್ತು.

ವಿಶ್ವವಿದ್ಯಾಲಯಗಳು ಈ ಯಂತ್ರದೊಳಕ್ಕೆ ಬಂದ ದಾರಿಯನ್ನು ತಿಳಿಯಬೇಕಾದರೆ ಷಿಕಾಗೋ ನಗರಕ್ಕೆ ಹೋಗಬೇಕು. ಅಲ್ಲಿನ ಹೈಡ್ ಪಾರ್ಕ್ ಬಡಾವಣೆಯಲ್ಲಿರುವ ಷಿಕಾಗೋ ವಿಶ್ವವಿದ್ಯಾಲಯ, ಕಪ್ಪು ಕುಟುಂಬಗಳಿಗೆ ಮನೆ ಮಾರುವುದನ್ನು ನಿಷೇಧಿಸುವ ಕರಾರುಗಳಿಗೆ 1930 ಮತ್ತು 40ರ ದಶಕಗಳಲ್ಲಿ ಬೆಂಬಲ ಕೊಟ್ಟ ಸಂಸ್ಥೆ. 1948ರಲ್ಲಿ ಸುಪ್ರೀಂ ಕೋರ್ಟು ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ತೀರ್ಪು ಕೊಟ್ಟ ಮೇಲೆ ಬಡಾವಣೆಯ ಜನವಿನ್ಯಾಸ ಬೇಗಬೇಗನೆ ಬದಲಾಯಿತು. ವಿಶ್ವವಿದ್ಯಾಲಯ ಊರಾಚೆಗೆ ಸ್ಥಳಾಂತರಗೊಳ್ಳುವ ಯೋಚನೆಯನ್ನು ಕೂಡ ಮಾಡಿ, ಕೊನೆಗೆ ಅಲ್ಲಿಯೇ ಉಳಿದು ಬಡಾವಣೆಯನ್ನೇ ತನಗೆ ಬೇಕಾದಂತೆ ತಿದ್ದುವುದೆಂದು ತೀರ್ಮಾನಿಸಿತು. ಈ ಕೆಲಸಕ್ಕಾಗಿ ಅದರ ಬೆಂಬಲದಿಂದ 1952ರಲ್ಲಿ ಹುಟ್ಟಿದ ಆಗ್ನೇಯ ಷಿಕಾಗೋ ಆಯೋಗದ ಚುಕ್ಕಾಣಿ ಹಿಡಿದವರು ಜೂಲಿಯನ್ ಲೆವಿ ಎಂಬ ಚತುರ ವಕೀಲರು. 1958ರಲ್ಲಿ ನಗರಸಭೆ ಹೈಡ್ ಪಾರ್ಕ್–ಕೆನ್‌ವುಡ್ ನವೀಕರಣ ಯೋಜನೆಯನ್ನು ಅಂಗೀಕರಿಸಿತು. ಅದರ ಮರುವರ್ಷವೇ, ಲೆವಿಯವರ ಮತ್ತು ಅವರೊಡನೆ ಸೇರಿದ ಇತರ ವಿಶ್ವವಿದ್ಯಾಲಯಗಳ ಒತ್ತಾಯದಿಂದ, ವಸತಿ ಕಾಯ್ದೆಗೆ 112ನೆಯ ಕಲಮು ಸೇರಿತು. ನವೀಕರಣ ಪ್ರದೇಶದ ಹತ್ತಿರ ವಿಶ್ವವಿದ್ಯಾಲಯವೊಂದು ನೆಲ ಕೊಳ್ಳಲು, ಕಟ್ಟಡ ಕೆಡವಲು, ನಿವಾಸಿಗಳನ್ನು ಸಾಗಿಸಲು ಖರ್ಚು ಮಾಡಿದ ಹಣವನ್ನು ನಗರ ತನ್ನ ಪಾಲಿನ ಹಣವೆಂದೇ ತೋರಿಸಿಕೊಳ್ಳಬಹುದು ಎಂಬುದು ಆ ಕಲಮಿನ ತಾತ್ಪರ್ಯ. ಲೆಕ್ಕ ಸರಳವಾದದ್ದು: ವಿಶ್ವವಿದ್ಯಾಲಯ ತನ್ನ ವಿಸ್ತರಣೆಗಾಗಿ ಒಂದು ಡಾಲರ್ ಖರ್ಚು ಮಾಡಿದರೆ, ನಗರ ತನ್ನ ಬೊಕ್ಕಸದಿಂದ ಏನನ್ನೂ ತೆಗೆಯದೆ ಕೇಂದ್ರದಿಂದ ಎರಡು ಡಾಲರ್ ಪಡೆಯುತ್ತಿತ್ತು. ಹಣಕ್ಕೆ ಬಾಯಿಬಿಡುತ್ತಿದ್ದ ನಗರಗಳ ಮೇಯರುಗಳಿಗೆ ವಿಶ್ವವಿದ್ಯಾಲಯದ ವಿಸ್ತರಣೆ ಒಮ್ಮೆಗೇ ಅತ್ಯಂತ ಲಾಭದ ಯೋಜನೆಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. 1961ರಲ್ಲಿ ಆಸ್ಪತ್ರೆಗಳಿಗೂ ಈ ಸೌಲಭ್ಯ ವಿಸ್ತರಿಸಿತು.

ಕನ್ನಡಿಗರಾದ ನಮಗೆ ಈ ಹೈಡ್ ಪಾರ್ಕ್ ತೀರ ಅಪರಿಚಿತವಾದ ಜಾಗವಲ್ಲ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ 1960ರ ದಶಕದ ಆರಂಭದಲ್ಲಿ ಆ ವಿಶ್ವವಿದ್ಯಾಲಯ ಸೇರಿ, 1993ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿ ಪಾಠ ಮಾಡಿದರು. ವಚನಗಳು ಇಂಗ್ಲಿಷಿನಲ್ಲಿ ಲೋಕಕ್ಕೆ ತಲುಪಿದ್ದರಲ್ಲಿ ಆ ಸಂಸ್ಥೆಯ ಪಾಲೂ ಇದೆ. ಅವರು ಬಂದ ವರ್ಷಗಳು ಐವತ್ತೈದನೆಯ ಬೀದಿಯ ಅಂಗಡಿ ಸಾಲುಗಳನ್ನು ಕೆಡವಿ, ಅದೇ ಬೀದಿಯ ನಡುವೆ ವಾಸ್ತುಶಿಲ್ಪಿ ಐ.ಎಂ. ಪೇ ಅವರ ಎರಡು ಎತ್ತರದ ವಸತಿ ಕಟ್ಟಡಗಳು ಎದ್ದ ಕಾಲಕ್ಕೆ ಸೇರಿದವು. ನಾನು ಇದನ್ನು ಯಾರ ಮೇಲಿನ ಆರೋಪವಾಗಿಯೂ ಹೇಳುತ್ತಿಲ್ಲ. ನಾವು ಹೆಮ್ಮೆಪಡುವ ವಿದ್ವತ್ತಿಗೆ ನೆಲೆ ಕೊಟ್ಟ ಜಾಗದಿಂದ ಆ ಹೊತ್ತಿನಲ್ಲಿಯೇ ಸಾವಿರಾರು ಕುಟುಂಬಗಳು ಹೊರಟುಹೋದವು ಎಂಬುದು ನಮ್ಮ ಓದಿನ ಚರಿತ್ರೆಗೂ ಸೇರಿದ ಸಂಗತಿ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ.

ಅದೇ ನಗರದ ಪಶ್ಚಿಮ ಭಾಗದಲ್ಲಿ, 1961ರಲ್ಲಿ, ಮೇಯರ್ ರಿಚರ್ಡ್ ಡೇಲಿ ಇಲಿನಾಯ್ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ಸಿಗಾಗಿ ಹ್ಯಾರಿಸನ್–ಹಾಲ್‌ಸ್ಟೆಡ್ ಬಡಾವಣೆಯನ್ನು ಆರಿಸಿದರು. ಇಟಲಿ, ಗ್ರೀಸ್, ಮೆಕ್ಸಿಕೋಗಳಿಂದ ವಲಸೆ ಬಂದ ದುಡಿಯುವ ಜನರ ಜಾಗ ಅದು. ಫ್ಲಾರೆನ್ಸ್ ಸ್ಕಾಲಾ ಎಂಬ ಗೃಹಿಣಿಯ ಮುಂದಾಳತ್ವದಲ್ಲಿ ಅಲ್ಲಿನ ಹೆಂಗಸರು ಮೇಯರರ ಕಚೇರಿಯಲ್ಲಿ ಧರಣಿ ಕುಳಿತರು, ಸುಪ್ರೀಂ ಕೋರ್ಟಿನವರೆಗೂ ಹೋದರು, ಸೋತರು. ಜೇನ್ ಆಡಮ್ಸ್ 1889ರಲ್ಲಿ ಆರಂಭಿಸಿದ ಹಲ್ ಹೌಸ್ ಸೇವಾಕೇಂದ್ರದ ಹದಿಮೂರು ಕಟ್ಟಡಗಳಲ್ಲಿ ಉಳಿದದ್ದು ಎರಡು. ಈ ಪ್ರಕರಣವನ್ನು ಹೆಚ್ಚು ಬೆಳೆಸುವುದಿಲ್ಲ. ಹೊರಹೋಗಬೇಕಾದವರು ಎಲ್ಲೆಡೆಯೂ ಒಂದೇ ಬಣ್ಣದವರಾಗಿರಲಿಲ್ಲ, ಆದರೆ ಎಲ್ಲೆಡೆಯೂ ನಗರಸಭೆಯಲ್ಲಿ ಬಲವಿಲ್ಲದವರೇ ಆಗಿದ್ದರು ಎಂಬುದಕ್ಕೆ ಇದು ಸಾಕ್ಷಿ.

ಈಗ ಜಾರ್ಜಿಯಾ ರಾಜ್ಯದ ಏಥೆನ್ಸ್ ಪಟ್ಟಣಕ್ಕೆ ಬರೋಣ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ತಿರುಳು ಅಲ್ಲಿದೆ. ಜಾರ್ಜಿಯಾ ವಿಶ್ವವಿದ್ಯಾಲಯದ ಪಕ್ಕದಲ್ಲಿ ಸುಮಾರು 22 ಎಕರೆಯ ಇಳಿಜಾರಿನಲ್ಲಿ ಲಿನ್ನೆನ್‌ಟೌನ್ ಎಂಬ ಚಿಕ್ಕ ಕೇರಿ ಇತ್ತು. ಐವತ್ತರಷ್ಟು ಕಪ್ಪು ಕುಟುಂಬಗಳು. ಗಾರೆ ಕೆಲಸದವರು, ಕೊಳಾಯಿ ಕೆಲಸದವರು, ಅಡುಗೆಯವರು, ಮನೆಗೆಲಸದವರು. ವಿಶ್ವವಿದ್ಯಾಲಯದಲ್ಲಿಯೇ ದುಡಿಯುತ್ತಿದ್ದವರೂ ಅವರಲ್ಲಿದ್ದರು. ಅನೇಕರು ದುಡಿದ ಹಣದಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದರು, ಕೋಣೆ ಕೋಣೆಯಾಗಿ ಅದನ್ನು ಬೆಳೆಸುತ್ತಿದ್ದರು. 1961ರ ಜನವರಿಯಲ್ಲಿ ಷಾರ್ಲೇನ್ ಹಂಟರ್ ಮತ್ತು ಹ್ಯಾಮಿಲ್ಟನ್ ಹೋಮ್ಸ್ ಎಂಬ ಇಬ್ಬರು ಕಪ್ಪು ವಿದ್ಯಾರ್ಥಿಗಳು ನ್ಯಾಯಾಲಯದ ಆದೇಶ ಹಿಡಿದು ಆ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದ್ದು ಚರಿತ್ರೆಯ ಪುಸ್ತಕಗಳಲ್ಲಿದೆ. ಅದೇ ವರ್ಷಗಳಲ್ಲಿ ಅದೇ ವಿಶ್ವವಿದ್ಯಾಲಯ ಮತ್ತು ಪಟ್ಟಣದ ಆಡಳಿತ ಸೇರಿ, ನವೀಕರಣ ಯೋಜನೆಯ ಹೆಸರಿನಲ್ಲಿ, ಪಕ್ಕದ ಕಪ್ಪು ಕೇರಿಯನ್ನು ಅಳಿಸುವ ಕೆಲಸವನ್ನು ಮಾಡುತ್ತಿದ್ದವು ಎಂಬುದು ಬಹುಕಾಲ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. 1960ರ ದಶಕದ ಮಧ್ಯಭಾಗದ ಹೊತ್ತಿಗೆ ಕೇರಿ ಖಾಲಿಯಾಗಿತ್ತು. ಬ್ರಂಬಿ, ಕ್ರೆಸ್ವೆಲ್, ರಸೆಲ್ ಎಂಬ ಮೂರು ಬಹುಮಹಡಿ ವಿದ್ಯಾರ್ಥಿನಿಲಯಗಳು ಮತ್ತು ವಾಹನ ನಿಲ್ದಾಣ ಆ ಜಾಗದಲ್ಲಿ ಬಂದವು.

ಹಳೆಯ ನಿವಾಸಿಗಳು ತಮ್ಮೊಳಗೆ ಇದನ್ನು ಹೇಳಿಕೊಳ್ಳುತ್ತಲೇ ಇದ್ದರು. ಊರಿನ ಉಳಿದವರು ಕೇಳಿಸಿಕೊಂಡದ್ದು, ಯೋಜನೆಯ ಕಡತಗಳು ವಿಶ್ವವಿದ್ಯಾಲಯದ ಪತ್ರಾಗಾರದಿಂದ ಹೊರಬಂದ ಮೇಲೆ. ಯಾವ ಮನೆಗೆ ಎಷ್ಟು ಬೆಲೆ ಕಟ್ಟಲಾಯಿತು, ಮಾಲೀಕರಿಗೆ ಕೊನೆಗೆ ಎಷ್ಟು ಕೊಡಲಾಯಿತು, ಯಾರ ಹೆಸರಿಗೆ ಸ್ವಾಧೀನದ ನೋಟಿಸು ಹೋಯಿತು ಎಂಬುದೆಲ್ಲ ಆ ಕಡತಗಳಲ್ಲಿ ಅಚ್ಚುಕಟ್ಟಾಗಿ ದಾಖಲಾಗಿತ್ತು. ಅಲ್ಲಿ ಬೆಳೆದ ಹ್ಯಾಟಿ ಥಾಮಸ್ ವೈಟ್‌ಹೆಡ್ ಮುಂತಾದವರು ತಮ್ಮ ನೆನಪನ್ನೂ ಈ ಕಾಗದಗಳನ್ನೂ ಪಕ್ಕಪಕ್ಕದಲ್ಲಿಟ್ಟು ಕೌಂಟಿಯ, ಅಂದರೆ ಈಗ ಪಟ್ಟಣವನ್ನೂ ಒಳಗೊಂಡ ಜಿಲ್ಲೆಯ, ಆಡಳಿತದ ಮುಂದೆ ಬಂದರು. 2021ರ ಫೆಬ್ರುವರಿಯಲ್ಲಿ ಏಥೆನ್ಸ್–ಕ್ಲಾರ್ಕ್ ಕೌಂಟಿಯ ಆಯೋಗ ಸರ್ವಾನುಮತದಿಂದ ಒಂದು ನಿರ್ಣಯ ಅಂಗೀಕರಿಸಿ, ಪಟ್ಟಣವು ಮಾಡಿದ್ದು ಅನ್ಯಾಯವೆಂದು ಒಪ್ಪಿಕೊಂಡು ಕ್ಷಮೆ ಕೇಳಿತು. ನಿವಾಸಿಗಳನ್ನೇ ಒಳಗೊಂಡ ಸಮಿತಿಯೊಂದು ರಚನೆಯಾಯಿತು. ಕುಟುಂಬಗಳ ಕೈತಪ್ಪಿದ ಆಸ್ತಿಯ ಮೌಲ್ಯವನ್ನು ಇಂದಿನವರೆಗೆ ಬೆಳೆಸಿ ನೋಡಿದಾಗ ಅದು ಸುಮಾರು 50 ಲಕ್ಷ ಡಾಲರುಗಳಷ್ಟಾಯಿತು; ಕೌಂಟಿ ಅದರ ಅರ್ಧದಷ್ಟನ್ನು ತೆಗೆದಿರಿಸಲು ಮುಂದಾಯಿತು.

ಆದರೆ ಆ ಹಣವನ್ನು ನೇರವಾಗಿ ಕುಟುಂಬಗಳ ಕೈಗೆ ಕೊಡುವಂತಿಲ್ಲ. ಸರ್ಕಾರಗಳು ಪ್ರತಿಫಲವಿಲ್ಲದೆ ವ್ಯಕ್ತಿಗಳಿಗೆ ಹಣ ಕೊಡುವುದನ್ನು ಜಾರ್ಜಿಯಾ ರಾಜ್ಯದ ಸಂವಿಧಾನ ನಿಷೇಧಿಸುತ್ತದೆ. ತೆಗೆದುಕೊಳ್ಳುವಾಗ ಒಂದೊಂದು ಮನೆಯ ಹೆಸರಿನಲ್ಲಿ ಪ್ರತ್ಯೇಕ ಕಡತವಿತ್ತು, ಹಿಂದಿರುಗಿಸುವಾಗ ಮಾತ್ರ ಕುಟುಂಬ ಎಂಬುದು ಕಾನೂನಿಗೆ ಕಾಣುವುದಿಲ್ಲ. ಹಾಗಾಗಿ ಹಣ ಕೈಗೆಟುಕುವ ವಸತಿಗೆ, ಕಪ್ಪು ಸಮುದಾಯದ ಚರಿತ್ರೆಗಾಗಿ ಒಂದು ಕೇಂದ್ರಕ್ಕೆ ಎಂದು ಸುತ್ತು ಹಾದಿಯಲ್ಲಿ ಹೋಗಬೇಕಾಯಿತು. ಇದಕ್ಕಿಂತ ನನ್ನನ್ನು ಹೆಚ್ಚು ಕಲಕಿದ ಸಂಗತಿ ಇನ್ನೊಂದಿದೆ. ನೆಲ ಈಗ ಯಾರ ಕೈಯಲ್ಲಿದೆಯೋ ಆ ವಿಶ್ವವಿದ್ಯಾಲಯ ಈ ಒಪ್ಪಂದದಲ್ಲಿ ಪಾಲುದಾರನಾಗಲಿಲ್ಲ. ಆ ವಿದ್ಯಾರ್ಥಿನಿಲಯಗಳಲ್ಲಿ ಇದ್ದು ಓದಿದ ವಿದ್ಯಾರ್ಥಿಗಳಿಗೆ ಆದ ಪ್ರಯೋಜನವನ್ನು ಅದು ಎತ್ತಿ ಹೇಳಿತು. ಪ್ರಯೋಜನ ಆಗಿರುವುದು ನಿಜ, ಅದನ್ನು ಯಾರೂ ಅಲ್ಲಗಳೆದಿಲ್ಲ. ಆ ಪ್ರಯೋಜನದ ವೆಚ್ಚವನ್ನು ಐವತ್ತು ಕುಟುಂಬಗಳಿಂದ ವಸೂಲು ಮಾಡಲಾಯಿತು ಎಂಬುದೇ ದೂರು, ಮತ್ತು ಪ್ರಯೋಜನ ದೊಡ್ಡದಾದಷ್ಟೂ ಆ ದೂರು ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ.

ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ ವಿಶ್ವವಿದ್ಯಾಲಯಗಳು ಹಾಗೆ ಹಿಂದೆ ಸರಿಯಲಿಲ್ಲ. ಅಲ್ಲಿನ ಆರೇರಿಯಾ ಬಡಾವಣೆ ಡೆನ್ವರಿನಷ್ಟೇ ಹಳೆಯದು, 1858ರಲ್ಲಿ ಆರಾಪಹೋ ಮತ್ತು ಷೈಯೆನ್ ಮೂಲನಿವಾಸಿಗಳ ನೆಲದಲ್ಲಿ ನೆಲೆಯೂರಿದ್ದು. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಅದು ಮುಖ್ಯವಾಗಿ ಮೆಕ್ಸಿಕನ್ ಮೂಲದ ಕುಟುಂಬಗಳ ಊರಾಗಿತ್ತು. 1926ರಲ್ಲಿ ಕಟ್ಟಿದ ಸೇಂಟ್ ಕ್ಯಾಜೆಟನ್ ಚರ್ಚು ಅವರ ಹಬ್ಬ, ಮದುವೆ, ಮಕ್ಕಳ ಶಾಲೆ, ಕಷ್ಟಕಾಲದ ಸಾಲ ಎಲ್ಲಕ್ಕೂ ಆಸರೆ. 1965ರಲ್ಲಿ ಸೌತ್ ಪ್ಲಾಟ್ ನದಿಯ ಪ್ರವಾಹ ಈ ತಗ್ಗಿನ ಪ್ರದೇಶಕ್ಕೆ ನುಗ್ಗಿತು, ಮತ್ತು ಅದರ ಬೆನ್ನಲ್ಲೇ ಮೂರು ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒಂದೇ ಕ್ಯಾಂಪಸ್ ಕಟ್ಟುವ ಯೋಜನೆ ಬಂತು. 1969ರ ನವೆಂಬರಿನಲ್ಲಿ ನಗರದ ಪಾಲಿನ ಹಣಕ್ಕಾಗಿ ಸಾಲಪತ್ರದ ಪ್ರಸ್ತಾವ ಮತದಾನಕ್ಕೆ ಬಂದಾಗ ಬಡಾವಣೆಯ ಜನ ತಮ್ಮ ಪಾದ್ರಿಯೊಡನೆ ಅದನ್ನು ವಿರೋಧಿಸಿದರು. ನಗರದ ಕ್ಯಾಥೊಲಿಕ್ ಆರ್ಚ್‌ಬಿಷಪ್ ಅದರ ಪರವಾಗಿ ನಿಂತರು. ಸ್ವಂತ ಚರ್ಚಿನ ಹಿರಿಯರೇ ಎದುರುಪಕ್ಷದಲ್ಲಿದ್ದ ಆ ನೋವನ್ನು ಅಲ್ಲಿನವರು ಇಂದಿಗೂ ಮರೆತಿಲ್ಲ. ಪ್ರಸ್ತಾವ ಅಲ್ಪ ಅಂತರದಿಂದ ಗೆದ್ದಿತು. 1970ರ ದಶಕದ ಆರಂಭದಲ್ಲಿ ನೂರಾರು ಕುಟುಂಬಗಳು ಮನೆ ಖಾಲಿ ಮಾಡಿದವು.

ಆರೇರಿಯಾದಲ್ಲಿ ಒಂದು ದೃಶ್ಯ ಇಂದಿಗೂ ನೋಡಸಿಗುತ್ತದೆ. ಒಂಬತ್ತನೆಯ ಬೀದಿಯ ಒಂದು ಸಾಲು ಹಳೆಯ ಮನೆಗಳನ್ನು ಪಾರಂಪರಿಕ ಕಟ್ಟಡಗಳೆಂದು ಹಣ ಕೂಡಿಸಿ, ದುರಸ್ತಿ ಮಾಡಿ ಉಳಿಸಲಾಗಿದೆ. ಅವುಗಳೊಳಗೆ ಈಗ ಕ್ಯಾಂಪಸ್ಸಿನ ಕಚೇರಿಗಳಿವೆ. ಚರ್ಚಿನ ಕಟ್ಟಡವೂ ನಿಂತಿದೆ, ಸಭಾಂಗಣವಾಗಿ. ಮರಗೆಲಸ, ಇಟ್ಟಿಗೆ, ಮುಂಬಾಗಿಲ ಜಗಲಿ ಎಲ್ಲವೂ ರಕ್ಷಣೆಗೆ ಯೋಗ್ಯವೆಂದು ಕಂಡವು, ಅವುಗಳಲ್ಲಿ ಬಾಳುತ್ತಿದ್ದವರು ಮಾತ್ರ ಹೊರಹೋಗಬೇಕಾಯಿತು. ಒಂದು ಬಡಾವಣೆಯನ್ನು ಹಾಳುಬಿದ್ದದ್ದೆಂದು ಘೋಷಿಸಿದ ಮಾತು ಎಷ್ಟು ನಿಜವಾಗಿತ್ತು ಎಂಬುದಕ್ಕೆ, ಇಂದು ಹೆಮ್ಮೆಯಿಂದ ತೋರಿಸುವ ಆ ಮನೆಗಳೇ ಉತ್ತರ ಕೊಡುತ್ತಿವೆ.

ಎಬ್ಬಿಸಲ್ಪಟ್ಟವರ ಮಕ್ಕಳಿಗೆ ಈ ಕ್ಯಾಂಪಸ್ಸಿನಲ್ಲಿ ಉಚಿತವಾಗಿ ಓದಿಸುತ್ತೇವೆಂಬ ಭರವಸೆ ಆಗಲೇ ಕೇಳಿಬಂದಿತ್ತು ಎಂದು ನಿವಾಸಿಗಳು ಹೇಳುತ್ತಾರೆ. ಅದು ವಿದ್ಯಾರ್ಥಿವೇತನದ ರೂಪದಲ್ಲಿ ಜಾರಿಗೆ ಬಂದದ್ದು ಎರಡು ದಶಕಗಳು ಕಳೆದ ಮೇಲೆ. 1955ರಿಂದ 1973ರ ನಡುವೆ ಅಲ್ಲಿ ವಾಸವಾಗಿದ್ದವರು, ಅವರ ಮಕ್ಕಳು ಮತ್ತು ಮೊಮ್ಮಕ್ಕಳು ಎಂಬಲ್ಲಿಗೆ ಅದರ ಮಿತಿ ನಿಂತಿತ್ತು. ಮರಿಮಕ್ಕಳು ಕಾಲೇಜಿನ ವಯಸ್ಸಿಗೆ ಬರುತ್ತಿದ್ದಂತೆ ಆ ಮಿತಿಯ ಅರ್ಥ ಸ್ಪಷ್ಟವಾಯಿತು: ಕ್ಯಾಂಪಸ್ಸು ಶಾಶ್ವತವಾದದ್ದು, ಋಣ ಮಾತ್ರ ಮೂರನೆಯ ತಲೆಮಾರಿಗೆ ಮುಗಿಯುವಂಥದ್ದು. ವಂಶಸ್ಥರು ಸಂಘಟಿತರಾಗಿ ಒತ್ತಾಯಿಸಿದ ಫಲವಾಗಿ 2021ರಲ್ಲಿ ಮೂರೂ ಸಂಸ್ಥೆಗಳು ಈ ಸೌಲಭ್ಯವನ್ನು ಎಲ್ಲ ನೇರ ವಂಶಸ್ಥರಿಗೂ ಕಾಲಮಿತಿಯಿಲ್ಲದೆ ವಿಸ್ತರಿಸಿದವು. ಮರುವರ್ಷ ರಾಜ್ಯದ ಶಾಸನಸಭೆ ಅದಕ್ಕೆ 20 ಲಕ್ಷ ಡಾಲರ್ ಮಂಜೂರು ಮಾಡಿತು. ಇದನ್ನು ನಾನು ದೊಡ್ಡ ಗೆಲುವೆಂದೇ ಎಣಿಸುತ್ತೇನೆ. ಆದರೂ ಇದರ ಎಲ್ಲೆಯನ್ನು ಗಮನಿಸಬೇಕು. ವಿದ್ಯಾರ್ಥಿವೇತನ ಸಿಗುವುದು ಓದಲು ಬಂದವರಿಗೆ. ಎಪ್ಪತ್ತು ದಾಟಿದ ಅಜ್ಜಿಗೆ, ಓದಿನ ಕಡೆ ಹೋಗದೆ ದುಡಿಮೆಗೆ ಇಳಿದ ಮಗನಿಗೆ, ಮನೆ ಹೋದ ಮೇಲೆ ಬಾಡಿಗೆ ಮನೆಗಳಲ್ಲಿಯೇ ಬಾಳು ಕಳೆದವರಿಗೆ ಅದು ತಲುಪುವುದಿಲ್ಲ. ಕಿತ್ತುಕೊಂಡದ್ದು ಮನೆ, ಕೊಡುತ್ತಿರುವುದು ಸಂಸ್ಥೆಗೆ ಕೊಡಲು ಅತ್ಯಂತ ಸುಲಭವಾದ ವಸ್ತು.

ಫಿಲಡೆಲ್ಫಿಯಾದ ಕಥೆಯನ್ನು ಇಲ್ಲಿ ಸೇರಿಸುವುದಕ್ಕೆ ಕಾರಣವಿದೆ: ಅಲ್ಲಿ ಹಳೆಯ ಹಾನಿಯೂ ಹೊಸ ಹಾನಿಯೂ ಒಂದೇ ನೆಲದ ಮೇಲೆ ನಡೆದವು. 1959ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ, ಡ್ರೆಕ್ಸೆಲ್ ಮತ್ತು ನೆರೆಯ ಇತರ ಸಂಸ್ಥೆಗಳು ಸೇರಿ ಪಶ್ಚಿಮ ಫಿಲಡೆಲ್ಫಿಯಾ ನಿಗಮವನ್ನು ಸ್ಥಾಪಿಸಿದವು. ಮುಂದಿನ ದಶಕದಲ್ಲಿ ಬ್ಲ್ಯಾಕ್ ಬಾಟಮ್ ಎಂದು ಜನ ಕರೆಯುತ್ತಿದ್ದ ಕಪ್ಪು ಬಡಾವಣೆ ತೆರವಾಗಿ, ವಿಜ್ಞಾನ ಕೇಂದ್ರವೊಂದಕ್ಕೆ ಜಾಗವಾಯಿತು. ಮೂರನೆಯ ಘಟಕ ಎಂಬ ಒಂದೇ ಯೋಜನಾ ಪ್ರದೇಶದಿಂದ ಸುಮಾರು 2,600 ಜನ ಹೊರಹೋದರು. 1969ರ ಫೆಬ್ರುವರಿಯಲ್ಲಿ ವಿದ್ಯಾರ್ಥಿಗಳು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾಲೇಜ್ ಹಾಲ್ ಕಟ್ಟಡದಲ್ಲಿ ಧರಣಿ ಕುಳಿತು, ಕೆಡವಿದ ಮನೆಗಳಿಗೆ ಬದಲಿ ಮನೆ ಒದಗಿಸುವ ಮಾತನ್ನು ಆಡಳಿತ ಮಂಡಳಿಯಿಂದ ಪಡೆದರು. ಆ ಮಾತು ಬಹುಮಟ್ಟಿಗೆ ಮಾತಾಗಿಯೇ ಉಳಿಯಿತು. 1980ರ ದಶಕದಲ್ಲಿ ಅದೇ ಪ್ರದೇಶದಲ್ಲಿ ಕೇಂದ್ರದ ಸಹಾಯಧನದಿಂದ ಎಪ್ಪತ್ತು ಮನೆಗಳ ಒಂದು ವಸತಿ ಸಮುಚ್ಚಯ ಎದ್ದಿತು. ಸುತ್ತಲೂ ನೆಲದ ಬೆಲೆ ಏರಿದ ಮೇಲೆ, 2021ರಲ್ಲಿ ಅದರ ಮಾಲೀಕರು ಸಹಾಯಧನದ ಕರಾರು ಮುಗಿಸಿ ಮಾರಾಟಕ್ಕೆ ಹೊರಟರು. ನಿವಾಸಿಗಳು ಡೇರೆ ಹಾಕಿ ಹೋರಾಡಿದರು. 2023ರ ರಾಜಿಯಲ್ಲಿ ಅವರಿಗೆ 35 ಲಕ್ಷ ಡಾಲರುಗಳ ನಿಧಿ ಮತ್ತು ಎಪ್ಪತ್ತು ಮನೆಗಳನ್ನು ಮತ್ತೆ ಕಟ್ಟಲು ಆ ಜಾಗದ ಒಂದು ಭಾಗ ಸಿಕ್ಕಿತು. ವಿಶ್ವವಿದ್ಯಾಲಯ ಈ ಸಲ ಬುಲ್ಡೋಜರ್ ಕಳಿಸಿರಲಿಲ್ಲ. ಆದರೆ ಅದು ಐವತ್ತು ವರ್ಷಗಳ ಹಿಂದೆ ಆರಂಭಿಸಿದ ಬೆಲೆಯೇರಿಕೆ ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತಿತ್ತು.

ಹಾಗಾದರೆ ಸರಿಪಡಿಸುವುದು ಎಂದರೇನು? ಹಾನಿಯಲ್ಲಿ ಮೂರು ಪದರಗಳಿವೆ ಎಂದು ನಾನು ತಿಳಿಯುತ್ತೇನೆ. ಮೊದಲನೆಯದು ಕೊಟ್ಟ ಬೆಲೆಗೂ ಕೊಡಬೇಕಾಗಿದ್ದ ಬೆಲೆಗೂ ಇರುವ ಅಂತರ. ಎರಡನೆಯದು, ಆ ಮನೆ ಕುಟುಂಬದಲ್ಲಿಯೇ ಉಳಿದಿದ್ದರೆ ಅದರ ಮೇಲೆ ಸಾಲ ತೆಗೆದು ಮಗಳನ್ನು ಓದಿಸಬಹುದಾಗಿತ್ತು, ಅಂಗಡಿ ಇಡಬಹುದಾಗಿತ್ತು, ಸತ್ತ ಮೇಲೆ ಬಿಟ್ಟುಹೋಗಬಹುದಾಗಿತ್ತು, ಅದೆಲ್ಲ ಇಲ್ಲವಾದದ್ದು. ಮೂರನೆಯದು ಯಾರ ಹೆಸರಿನ ಕಡತದಲ್ಲಿಯೂ ಇಲ್ಲದ್ದು: ಸಂಬಳ ಬರುವವರೆಗೆ ಉದ್ದರಿ ಕೊಡುತ್ತಿದ್ದ ಅಂಗಡಿ, ತಾಯಿ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆ, ಕೆಲಸ ಹುಡುಕಿಕೊಡುತ್ತಿದ್ದ ಚರ್ಚಿನ ಪರಿಚಯಗಳು. ಬ್ಲ್ಯಾಕ್ ಬಾಟಮ್ಮಿನ ಹಳಬರು ತಮ್ಮ ಬಡಾವಣೆ ಹೋದ ದಶಕಗಳ ನಂತರವೂ ವರ್ಷಕ್ಕೊಮ್ಮೆ ಉದ್ಯಾನವನದಲ್ಲಿ ಒಟ್ಟುಗೂಡುತ್ತ ಬಂದಿರುವುದು ಈ ಮೂರನೆಯ ಪದರದ ಆಳವನ್ನು ತಿಳಿಸುತ್ತದೆ.

ಸಂಸ್ಥೆಗಳು ಸಾಮಾನ್ಯವಾಗಿ ಆರಿಸಿಕೊಳ್ಳುವ ಕ್ರಮಗಳಾದ ಫಲಕ, ಪ್ರದರ್ಶನ, ಸಾಕ್ಷ್ಯಚಿತ್ರಗಳು ಈ ಮೂರನೆಯ ಪದರವನ್ನು ಮುಟ್ಟಲು ಯತ್ನಿಸುತ್ತವೆ, ಮೊದಲ ಎರಡನ್ನು ಬಿಟ್ಟುಬಿಡುತ್ತವೆ. ನಾನು ಫಲಕಗಳ ವಿರೋಧಿಯಲ್ಲ. ಹೆಸರೇ ಅಳಿಸಿಹೋದ ಊರಿಗೆ ಹೆಸರು ಮರಳಿ ಬರುವುದು ಸಣ್ಣ ಸಂಗತಿಯಲ್ಲ. ಆದರೆ ನೆನಪಿನ ಕೆಲಸ ಹಣದ ಕೆಲಸಕ್ಕೆ ಬದಲಿಯಾಗಬಾರದು. ವಿಶ್ವವಿದ್ಯಾಲಯದ ಕೈಯಲ್ಲಿ ಬೇರೆ ಯಾರಿಗೂ ಇಲ್ಲದ ಎರಡು ಸಾಧನಗಳಿವೆ: ದಾಖಲೆ ಮತ್ತು ನೆಲ. ದಾಖಲೆಗಳನ್ನು ವಂಶಸ್ಥರಿಗೆ ಶುಲ್ಕವಿಲ್ಲದೆ, ಹುಡುಕಲು ಸಿಬ್ಬಂದಿಯ ಸಹಾಯದೊಡನೆ ತೆರೆದರೆ ಮೊದಲ ಪದರದ ಲೆಕ್ಕ ಸಿಗುತ್ತದೆ. ನೆಲವನ್ನು, ಅಂದರೆ ಇಂದಿಗೂ ಖಾಲಿ ಬಿದ್ದಿರುವ ವಾಹನ ನಿಲ್ದಾಣಗಳನ್ನಾದರೂ, ಸಮುದಾಯದ ಒಡೆತನದ ಭೂನಿಧಿಗೆ ಕೊಟ್ಟು ಕಡಿಮೆ ಬೆಲೆಯ ಮನೆಗಳನ್ನು ಕಟ್ಟಿಸಿದರೆ ಎರಡನೆಯ ಪದರದ ಕಡೆಗೆ ಒಂದು ಹೆಜ್ಜೆ ಇಟ್ಟಂತಾಗುತ್ತದೆ. ಯಾವುದನ್ನು ಎಷ್ಟು ಮಾಡಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ವಂಶಸ್ಥರಿಗೆ ಸಲಹೆಯ ಸ್ಥಾನ ಸಾಲದು, ಮತದ ಹಕ್ಕು ಇರಬೇಕು.

ತೆರಿಗೆಯ ಮಾತನ್ನೂ ಬಿಡುವಂತಿಲ್ಲ. ಲಾಭರಹಿತ ಸಂಸ್ಥೆಗಳಾದ್ದರಿಂದ ಈ ವಿಶ್ವವಿದ್ಯಾಲಯಗಳು ಶಿಕ್ಷಣಕ್ಕೆ ಬಳಸುವ ತಮ್ಮ ನೆಲಕ್ಕೆ ಆಸ್ತಿ ತೆರಿಗೆ ಕೊಡುವುದಿಲ್ಲ. ಅಂದರೆ ತೆರವಾದ ಒಂದೊಂದು ಎಕರೆಯೂ ನಗರದ ಶಾಲೆಗಳಿಗೆ, ರಸ್ತೆಗಳಿಗೆ ಬರಬೇಕಾದ ಹಣದಿಂದ ಶಾಶ್ವತವಾಗಿ ಕಳೆದುಹೋಯಿತು. ಯೇಲ್ ವಿಶ್ವವಿದ್ಯಾಲಯ 2021ರಲ್ಲಿ ನ್ಯೂ ಹೇವನ್ ನಗರಕ್ಕೆ ಆರು ವರ್ಷಗಳಲ್ಲಿ 13.5 ಕೋಟಿ ಡಾಲರ್ ಕೊಡಲು ಒಪ್ಪಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 2020ರಲ್ಲಿ ಫಿಲಡೆಲ್ಫಿಯಾದ ಸರ್ಕಾರಿ ಶಾಲೆಗಳಿಗೆ ಹತ್ತು ವರ್ಷಗಳಲ್ಲಿ 10 ಕೋಟಿ ಘೋಷಿಸಿತು. ಇವು ಒಳ್ಳೆಯ ಹೆಜ್ಜೆಗಳು. ಆದರೆ ಇವನ್ನು ಕೊಡುಗೆಯೆಂದು ಬರೆದುಕೊಳ್ಳುವವರೆಗೂ ನಿಲ್ಲಿಸುವ ಹಕ್ಕು ಕೊಡುವವರ ಕೈಯಲ್ಲಿಯೇ ಉಳಿಯುತ್ತದೆ.

ಇದೆಲ್ಲ ಮುಗಿದುಹೋದ ಕಾಲದ ಕಥೆಯೆಂದು ಭಾವಿಸುವವರಿಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಉದಾಹರಣೆ ಕೊಡುತ್ತೇನೆ. ಪಶ್ಚಿಮ ಹಾರ್ಲೆಮ್ಮಿನ ಮ್ಯಾನ್‌ಹ್ಯಾಟನ್‌ವಿಲ್ ಪ್ರದೇಶದ 17 ಎಕರೆಯಲ್ಲಿ ಹೊಸ ಕ್ಯಾಂಪಸ್ಸಿಗಾಗಿ ಸ್ವಾಧೀನದ ಅಧಿಕಾರವನ್ನು ಬಳಸುವುದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವರಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಒಂದು ಸಿಖ್ ಕುಟುಂಬವೂ ಇತ್ತು. ಕೆಳಗಿನ ನ್ಯಾಯಾಲಯದಲ್ಲಿ ಅವರು ಗೆದ್ದರು, 2010ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯದಲ್ಲಿ ಸೋತರು. ಆದರೂ ಐವತ್ತು ವರ್ಷಗಳ ಹಿಂದಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ: ಸ್ಥಳೀಯರ ಒತ್ತಡದಿಂದ 2009ರಲ್ಲಿಯೇ 15 ಕೋಟಿ ಡಾಲರುಗಳ ಸಮುದಾಯ ಹಿತ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಕೆಡವುವ ಮೊದಲೇ ಲಿಖಿತ ಕರಾರು ಪಡೆಯುವುದು, ಕೆಡವಿದ ಅರವತ್ತು ವರ್ಷಗಳ ಮೇಲೆ ಕ್ಷಮೆ ಪಡೆಯುವುದಕ್ಕಿಂತ ಎಷ್ಟೋ ಮೇಲು.

ಉಪನ್ಯಾಸದ ನಂತರ ಒಬ್ಬ ವಿದ್ಯಾರ್ಥಿನಿ, ತಾನು ಮುಂದಿನ ವರ್ಷ ಹೋಗಲಿರುವ ವಿಶ್ವವಿದ್ಯಾಲಯದಲ್ಲಿ ಹೀಗೆ ನಡೆದಿತ್ತೇ ಎಂದು ತಿಳಿಯುವುದು ಹೇಗೆ ಎಂದು ಕೇಳಿದರು. ಅಲ್ಲಿ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ. ರಿಚ್ಮಂಡ್ ವಿಶ್ವವಿದ್ಯಾಲಯದ ಡಿಜಿಟಲ್ ವಿಭಾಗವು 1950ರಿಂದ 1966ರವರೆಗೆ ಯಾವ ನಗರದ ಯಾವ ನವೀಕರಣ ಯೋಜನೆಯಿಂದ ಎಷ್ಟು ಕುಟುಂಬಗಳು ಹೊರಹೋದವು ಎಂಬುದನ್ನು ತೋರಿಸುವ ನಕ್ಷೆಯೊಂದನ್ನು ಎಲ್ಲರಿಗೂ ತೆರೆದಿಟ್ಟಿದೆ; ಆರಂಭಿಸಲು ಅದು ತಕ್ಕ ಜಾಗ. ಬಳಿಕ ನಗರ ಗ್ರಂಥಾಲಯದಲ್ಲಿ ಬೆಂಕಿ ವಿಮೆಗಾಗಿ ತಯಾರಿಸಿದ ಸ್ಯಾನ್‌ಬಾರ್ನ್ ನಕ್ಷೆಗಳು ಸಿಗುತ್ತವೆ. ಅವುಗಳಲ್ಲಿ ಒಂದೊಂದು ಕಟ್ಟಡದ ಆಕಾರ, ಅದನ್ನು ಕಟ್ಟಿದ ವಸ್ತು, ಅದರ ಬಳಕೆ ಗುರುತಾಗಿರುತ್ತದೆ. ಹಳೆಯ ನಗರ ಕೈಪಿಡಿಗಳಲ್ಲಿ ಬೀದಿ ಬೀದಿಯಾಗಿ ನಿವಾಸಿಗಳ ಹೆಸರು ಮತ್ತು ಕಸುಬುಗಳಿವೆ. ಇವೆರಡನ್ನೂ ಇಂದಿನ ಕ್ಯಾಂಪಸ್ ನಕ್ಷೆಯ ಮೇಲಿಟ್ಟು ನೋಡಿ. ಅನುಮಾನ ಗಟ್ಟಿಯಾದರೆ ವಿಶ್ವವಿದ್ಯಾಲಯದ ಪತ್ರಾಗಾರಕ್ಕೆ ಹೋಗಿ ಆಡಳಿತ ಮಂಡಳಿಯ ನಡಾವಳಿ, ಭೂಖರೀದಿಯ ಕಡತ, ಮೌಲ್ಯಮಾಪನದ ಹಾಳೆಗಳನ್ನು ಕೇಳಬೇಕು. ಸರ್ಕಾರಿ ಸಂಸ್ಥೆಯಾದರೆ ರಾಜ್ಯದ ಮಾಹಿತಿ ಹಕ್ಕಿನ ಕಾನೂನು ಸಹಾಯಕ್ಕಿದೆ. ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್ ಪಟ್ಟಣದಲ್ಲಿ ಕ್ರಿಸ್ಟೋಫರ್ ನ್ಯೂಪೋರ್ಟ್ ವಿಶ್ವವಿದ್ಯಾಲಯಕ್ಕಾಗಿ 1960ರ ದಶಕದಿಂದ ತೆರವಾದ ಕಪ್ಪು ಬಡಾವಣೆಯ ಕಥೆಯನ್ನು ಪತ್ರಕರ್ತರು ದಾಖಲೆಸಮೇತ 2023ರಲ್ಲಿ ಹೊರತಂದ ಮೇಲೆಯೇ, ಸರ್ಕಾರಿ ವಿಶ್ವವಿದ್ಯಾಲಯಗಳು ಹೀಗೆ ಎಬ್ಬಿಸಿದ ಸಮುದಾಯಗಳ ಬಗ್ಗೆ ಪರಿಶೀಲಿಸಲು ಆ ರಾಜ್ಯದ ಶಾಸನಸಭೆ ಮರುವರ್ಷ ಒಂದು ಆಯೋಗವನ್ನು ರಚಿಸಿತು. ಹೆಸರುಗಳು ಸಿಕ್ಕ ಮೇಲೆ ಆ ಕುಟುಂಬಗಳವರನ್ನು ಹುಡುಕಿಕೊಂಡು ಹೋಗಿ, ಸಿಕ್ಕ ಕಾಗದದ ಪ್ರತಿಯನ್ನು ಯಾವ ಲೇಖನಕ್ಕೂ ಮೊದಲು ಅವರ ಕೈಗೆ ಕೊಡಬೇಕು. ಮುಂದೆ ಏನು ಕೇಳಬೇಕೆಂಬುದನ್ನು ತೀರ್ಮಾನಿಸುವವರು ಅವರು.